ಹಜಿರಾ ಬೀ ವಾಪಸ್ ಮಾಡಿದ ಬೀಜ

"ಜ್ವಾಳ ಕಣ್ಣಿಲೆ ನೋಡಬ್ಯಾಡ. ಬಿಸಲಾಗ ಹಿಡದ್ರ ಎಂಥಾ ಜ್ವಾಳನೂ ಹೊಳೀತದ. ಮೊದಲ ಚೀಲದಾಗ ಮೊಳಕೈ ತನಕ ಕೈ ಬಿಡು. ಒಳಗ ತಂಪು ಹತ್ತತದೋ ಬೆಚ್ಚಗ ಹತ್ತತದೋ ನೋಡು. ಬೆಚ್ಚಗಿದ್ರ ಹಸಿ ಇದ್ದಾಗನ ತುಂಬ್ಯಾರ, ನಾಕ ದಿನದಾಗ ಮುಗ್ಗ ಹಿಡೀತದ. ಕೈ ಹೊರಗ ತಗೀವಾಗ ಬೆರಳ ಸಂದ್ಯಾಗ ಏನು ಬಂತು ನೋಡು, ಮಣ್ಣಿನ ಧೂಳೋ ಹುಳದ ಹಿಟ್ಟೋ. ಆಮ್ಯಾಲ ಎರಡು ಕಾಳು ಹಲ್ಲಾಗ ಹಾಕು. ಕಟ್ ಅಂದ್ರ ಒಣಗ್ಯಾದ. ಮೆತ್ತಗ ಒಡದ್ರ, ಮಾರಾವ ಎಷ್ಟು ನಗಕೋತ ಮಾತಾಡಿದ್ರೂ ನೀ ಎದ್ದು ಬಾ. ಇದನ್ನೆಲ್ಲಾ ನನಗ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ನಿಮ್ಮ ಅಬ್ಬಾ ನಮೂನಿ ತರತಿದ್ರು, ನಾ ಮರದಾಗ ಹಾಕಿ ಹಸನ ಮಾಡತಿದ್ದೆ, ಹಂಗ ಬಂತು. ಬ್ಯಾಡ ಅನ್ನೂದು ಮಾತ್ರ ಲಗೂ ಬರಲಿಲ್ಲ ನೋಡು. ಗಂಡಸರಿಗೆ ಅದು ಸಲೀಸು. ರುಮಾಲು ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡು ಹೊಂಟಬಿಡ್ತಾರ. ಒಬ್ಬಾಕಿ ಹಿತ್ತಲದಾಗ ಕುಂತು, ಅಕಿ ಕೊಟ್ಟ ನೀರು ಕುಡದು, ಅಕಿ ಮಾರಿ ನೋಡಕೋತ, ನಿನ್ನ ಮಾಲು ಬ್ಯಾಡವಾ ಅಂತ ಹ್ಯಾಂಗ ಅನ್ನಬೇಕು? ಒಂದು ಸಲ ಅನ್ನಬೇಕಾತು. ಅನ್ನಬಾರದವರಿಗೇ ಅನ್ನಬೇಕಾತು."

ಹಜಿರಾ ಬೀ ಇದನ್ನು ಹೇಳಿದ್ದು ಮಗಳು ಸುಗ್ರಾಳಿಗೆ. ಆಗ ಸುಗ್ರಾ ತಾನೂ ಕಾಳು ಆರಿಸಿ ನೋಡುವಷ್ಟು ದೊಡ್ಡವಳಾಗಿದ್ದಳು. ಮಾತು ಅಲ್ಲಿಗೆ ಬಂದರೆ ಹಜಿರಾ ಮುಂದೆ ಹೇಳುತ್ತಿರಲಿಲ್ಲ, ಎದ್ದು ಏನಾದರೂ ಕೆಲಸಕ್ಕೆ ಕೈ ಹಾಕುತ್ತಿದ್ದಳು. ನಡೆದದ್ದು ಹೀಗೆ.

ಬಸವಕಲ್ಯಾಣವನ್ನು ಆಗಿನ ಜನ ಕಲ್ಯಾಣಿ ಅನ್ನುತ್ತಿದ್ದರು. ನಿಜಾಮರ ಕಡೆಯ ದಿನಗಳು. ಹಜಿರಾಳ ಗಂಡ ಸಿರಾಜುದ್ದೀನ್ ಹುಮನಾಬಾದಿನ ದೇವಿದಾಸ ಸಾವುಕಾರರ ಅಡತಿ ಅಂಗಡಿಗೆ ಕಾಳು ಖರೀದಿ ಮಾಡಿಕೊಡುವವನು. ಹಳ್ಳಿ ಹಳ್ಳಿ ತಿರುಗಿ, ರೈತನ ಕೈಯನ್ನು ರುಮಾಲಿನ ಕೆಳಗೆ ಹಿಡಿದು, ಬೆರಳ ಮೇಲೆ ದರ ಗೊತ್ತು ಮಾಡಿ, ಮಾಲನ್ನು ಗಾಡಿಗೆ ಹೇರಿಸಿ ಕಳಿಸುವುದು ಅವನ ಉದ್ಯೋಗ. ಸಂಜೆ ಮನೆಗೆ ಬಂದರೆ ಅವನ ಅಂಗಿಯ ಕಿಸೆಯಿಂದ ಚಿಂದಿಯ ಗಂಟುಗಳು ಒಂದೊಂದೇ ಹೊರಗೆ ಬರುವವು. ಇದು ಮುಡಬಿ ಜೋಳ, ಇದು ನಿರ್ಣಾದ ತೊಗರಿ. ಹಜಿರಾ ಮೊರದಲ್ಲಿ ಹಾಕಿ ಕೇರುವಳು, ಮೂಸುವಳು.

"ಈ ತೊಗರಿ ಒಂದು ಹೊಲದ್ದಲ್ಲ. ಎರಡು ಕೂಡಿಸ್ಯಾರ" ಅನ್ನುವಳು.

"ನಿನ್ನ ಒಯ್ದು ಅಡತ್ಯಾಗ ಕೂಡಿಸಿದ್ರ ಸಾವ್ಕಾರ್ರು ನನ್ನ ಮನಿಗೆ ಕಳಸ್ತಾರ" ಎಂದು ಅವನು ನಗುವನು.

ನಲವತ್ತೆಂಟರ ಮಳೆಗಾಲದಲ್ಲಿ ಸೀಮೆ ಕೆಟ್ಟಿತು. ಒಂದು ಊರಲ್ಲಿ ಇವರು ಅವರನ್ನು ಹೊಡೆದರು, ಇನ್ನೊಂದು ಊರಲ್ಲಿ ಅವರು ಇವರನ್ನು ಹೊಡೆದರು. ರಾತ್ರಿ ಯಾರ ಮನೆಯಲ್ಲೂ ದೀಪ ಹಚ್ಚುತ್ತಿರಲಿಲ್ಲ. ಫೌಜು ಬರುತ್ತದಂತೆ ಎಂಬ ಸುದ್ದಿ ಬಂದಾಗ ಸಿರಾಜುದ್ದೀನ್ ಹೆಂಡತಿಯನ್ನೂ ಮಗಳನ್ನೂ ಮುಡಬಿಗೆ ಕರೆದುಕೊಂಡು ಹೋಗಿ ನರಸಿಂಗನ ಮನೆಯಲ್ಲಿ ಬಿಟ್ಟ. ನರಸಿಂಗ ಅವನಿಗೆ ಪ್ರತಿವರ್ಷ ಜೋಳ ಕೊಡುತ್ತಿದ್ದ ರೈತ, ಗಟ್ಟಿ ಮನುಷ್ಯ. ಸಿರಾಜುದ್ದೀನನ ತಾಯಿ ಮುನ್ನಿ ಬೀ ಮಾತ್ರ ಕಲ್ಯಾಣಿಯ ಮನೆ ಬಿಟ್ಟು ಕದಲಲಿಲ್ಲ. "ಹೆಸರಕಾಳು ಕಟಾವಾಗ್ಯಾದ, ನಿರ್ಣಾ ಕಡೆ ಒಂದು ಸುತ್ತು ಹಾಕಿ ಬರ್ತೀನಿ" ಎಂದು ಹೋದ ಸಿರಾಜುದ್ದೀನ್ ಬರಲಿಲ್ಲ.

ಬಂದವರು ಬೇರೆಯವರು. ಒಂದು ಮಧ್ಯಾಹ್ನ ಕೈಯಲ್ಲಿ ಬಡಿಗೆ ಕುಡಗೋಲು ಹಿಡಿದ ಮಂದಿ ಊರು ಹೊಕ್ಕು, ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತ ಬಂದರು. ನರಸಿಂಗನ ಹೆಂಡತಿ ಸುಂದರಬಾಯಿ ಹಜಿರಾಳ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಹಗೇವು ಇತ್ತು. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆ ಹೊತ್ತಿಗೆ ಬರಿದಾಗಿತ್ತು. ತಾಯಿ ಮಗಳನ್ನು ಅದರೊಳಗೆ ಇಳಿಸಿ, ಗಾಳಿಗೆ ಬೆರಳಷ್ಟು ಸಂದಿ ಬಿಟ್ಟು ಕಲ್ಲು ಎಳೆದು, ಮೇಲೆ ತೊಗರಿಕಟ್ಟಿಗೆ ಒಟ್ಟಿ, ಸುಂದರಬಾಯಿ ಅದರ ಪಕ್ಕದಲ್ಲೇ ಬೇಳೆ ಹಸನ ಮಾಡುತ್ತ ಕೂತಳು. ಬಂದವರು ಕೇಳಿದ್ದಕ್ಕೆ, "ನಮ್ಮ ಮನ್ಯಾಗ ನಮಗ ತಿನ್ನಾಕಿಲ್ಲ, ಯಾರನ್ನ ಇಟ್ಟಕೊಳ್ಳಲಿ?" ಎಂದಳಂತೆ. ಅವರು ಹೊಕ್ಕು ಹುಡುಕಿ ಹೋದರು.

ಒಳಗೆ ಹಜಿರಾ ಮಗುವಿನ ಬಾಯಿಗೆ ಸೆರಗು ಒತ್ತಿ ಹಿಡಿದು ಕೂತಿದ್ದಳು. ಹಳೆಯ ಜೋಳದ ಕಾವು, ಕೊಳೆತ ಹುಲ್ಲು, ಹುಳಿ ಹುಳಿಯಾದ ಮಣ್ಣು, ಎಲ್ಲ ಸೇರಿದ ವಾಸನೆ. ಮೇಲೆ ಬಂದು ಎಷ್ಟು ಸಲ ಮೈ ತೊಳೆದುಕೊಂಡರೂ ಅದು ಮೂಗಿನಿಂದ ಹೋಗಲಿಲ್ಲ.

ಗದ್ದಲ ನಿಂತ ಮೇಲೆ ಸುಂದರಬಾಯಿ ತಾನೇ ಗಾಡಿಯಲ್ಲಿ ಜೊತೆಗೆ ಕೂತು ಇಬ್ಬರನ್ನೂ ಕಲ್ಯಾಣಿಗೆ ಮುಟ್ಟಿಸಿದಳು. ಸಿರಾಜುದ್ದೀನನ ಸುದ್ದಿ ಎಲ್ಲೂ ಸಿಗಲಿಲ್ಲ. ನಿರ್ಣಾದ ದಾರಿಯಲ್ಲಿ ಕಂಡವರೂ ಇಲ್ಲ, ಸತ್ತದ್ದನ್ನು ನೋಡಿದವರೂ ಇಲ್ಲ. ಹಜಿರಾ ಬಳೆ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಯಾರಿಗೂ ತಿಳಿಯಲಿಲ್ಲ. "ನನ್ನ ಮಗ ಖರೀದಿಗೆ ಹೋಗ್ಯಾನ" ಎಂದು ಮುನ್ನಿ ಬೀ ಕೇಳಿದವರಿಗೆಲ್ಲ ಹೇಳುವಳು. ಮನೆಯ ತಾಮ್ರದ ಪಾತ್ರೆ ಒಂದೊಂದೇ ಹೊರಗೆ ಹೋದವು. ಬೇಸಿಗೆ ಬರುವ ಹೊತ್ತಿಗೆ ಮಾರುವಂಥದ್ದು ಏನೂ ಉಳಿಯಲಿಲ್ಲ. ಹಜಿರಾ ಚಾದರ ಹೊದ್ದು ಹುಮನಾಬಾದಿಗೆ ಹೋದಳು.

ದೇವಿದಾಸ ಸಾವುಕಾರರು ಅಂಗಡಿಯ ಗಾದಿಯ ಮೇಲಿದ್ದರು. ಅವಳ ಮಾತು ಕೇಳಿ ತಲೆ ತುರಿಸಿಕೊಂಡರು.

"ನೀ ಖರೀದಿಗೆ ಹೋಗೂದಂದ್ರ ಹ್ಯಾಂಗವಾ? ರುಮಾಲಿನ ಕೆಳಗ ಕೈ ಹಿಡದು ದರ ಮಾಡೂದು. ನೀ ಯಾರ ಕೈ ಹಿಡೀತಿ?"

"ನಾ ಗಂಡಸರ ಹಂತ್ಯಾಕ ಹೋಗೂದಿಲ್ರಿ. ಹುಣಸಿಹಣ್ಣು, ಮೆಣಸಿನಕಾಯಿ, ಎಳ್ಳು, ಇವೆಲ್ಲಾ ಹೆಂಗಸರ ಕೈಯಾಗ ಇರ್ತಾವ. ಅವರು ಮುಂಬಾಗಿಲಿಗೆ ಬಂದು ಮಾರಂಗಿಲ್ಲ. ನಿಮ್ಮ ಮಂದಿನ್ನ ಹಿತ್ತಲಕ್ಕ ಬಿಡಂಗಿಲ್ಲ."

ಚೀಲ ಹೊರುತ್ತಿದ್ದ ಹಮಾಲ ಮಹೆಬೂಬ ನಿಂತು ಕೇಳಿಸಿಕೊಂಡ. "ಸಾವ್ಕಾರ್ರ, ನಾಳೆ ತಕ್ಕಡಿ ಹಿಡ್ಯಾಕ ನಮ್ಮ ಬೀಬಿನ್ನ ಕರಕೊಂಡು ಬರ್ಲೇನ್ರಿ?"

"ಅಕಿ ತಕ್ಕಡಿ ಹಿಡದ್ರ ನಿನ್ನ ಯಾವುದಕ್ಕ ಇಟ್ಟಕೊಳ್ಳಲೋ?" ಎಂದರು ಸಾವುಕಾರರು. ಹಜಿರಾ ನಗಲಿಲ್ಲ. ಅವಳ ಕಣ್ಣು ಮಹೆಬೂಬನ ಬೆನ್ನ ಮೇಲಿನ ಚೀಲದ ಕಪ್ಪಿಟ್ಟ ತಳದ ಮೇಲಿತ್ತು. "ಆ ತೊಗರಿ ಹಸಿ ಅದರಿ" ಎಂದಳು. ಇಳಿಸಿ ಬಿಚ್ಚಿ ನೋಡಿದರೆ ತಳದಲ್ಲಿ ಹಸಿಯಿತ್ತು. ಹುಣಸೆಹಣ್ಣಿನಿಂದ ಶುರುಮಾಡು ಎಂದರು ಸಾವುಕಾರರು.

ಹಾಗೆ ಅವಳು ಊರೂರು ತಿರುಗತೊಡಗಿದಳು. ಗಾಡಿ ಹೊಡೆಯುವವನು ಉತ್ತಮ ಎಂಬವನು, ಕಲ್ಯಾಣಿಯವನೇ, ಮಾತು ಕಡಿಮೆ. ಹೆಂಗಸರು ಮನೆಯವರಿಗೆ ಕಾಣದ ಹಾಗೆ ಮಾರುವವರು. ಪಕ್ಕದಲ್ಲಿ ಕೂತ ಅತ್ತೆಗೆ ದರ ತಿಳಿಯಬಾರದು. ಅದಕ್ಕೆ ಹಜಿರಾ ಗಂಡಸರ ಬೆರಳಿನ ಲೆಕ್ಕವನ್ನು ಅವರಿಗೆ ಕಲಿಸಿದಳು. ರುಮಾಲಿನ ಬದಲು ಸೆರಗು. ಮುಡಬಿಯಲ್ಲಿ ಸುಂದರಬಾಯಿಯ ನೆರೆಮನೆಯ ಕಾಂತಾಬಾಯಿ ಮೊದಲ ಸಲ ಸೆರಗಿನ ಕೆಳಗೆ ಕೈ ಕೊಟ್ಟು ನಕ್ಕು ನಕ್ಕು ಸಾಕಾದಳು.

"ನನ್ನ ಗಂಡನೂ ನನ್ನ ಕೈ ಇಷ್ಟೊತ್ತು ಹಿಡದಿಲ್ಲವಾ ಬೂಬು."

"ಅವ ದರ ಕೇಳಿಲ್ಲ, ಅದಕ್ಕ" ಎಂದಳು ಸುಂದರಬಾಯಿ.

ಎಲ್ಲ ಊರಲ್ಲೂ ಹೀಗಿರಲಿಲ್ಲ. ಕೆಲವು ಕಡೆ ಇವಳನ್ನು ಕಂಡು ಬಾಗಿಲು ಮುಚ್ಚುತ್ತಿದ್ದರು. ಒಂದೂರಲ್ಲಿ ಮುದುಕಿಯೊಬ್ಬಳು ಇವಳ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಳು, ಯಾವ ಬೆರಳೂ ಒತ್ತಲಿಲ್ಲ. ಆಮೇಲೆ ಕೈ ಬಿಟ್ಟು, ನೀನು ಕೊಟ್ಟಷ್ಟು ಕೊಡು ಎಂದು ಮುಖ ತಿರುಗಿಸಿದಳು. ಆ ಊರಿನವರು ಏನು ಮಾಡಿದ್ದರೋ, ಏನು ನೋಡಿದ್ದರೋ, ಹಜಿರಾ ಕೇಳಲಿಲ್ಲ. ಸಂತೆಯ ದರವನ್ನೇ ಕೊಟ್ಟು ಬಂದಳು.

ಆ ವರ್ಷ ಉತ್ತರಿ ಮಳೆಗೆ ಮುಂಚೆ ಹುಮನಾಬಾದಿನ ಸುತ್ತಲ ರೈತರು ಅಡತಿಗೆ ಬಂದು ಬಿತ್ತುವ ಜೋಳ ಬೇಕೆಂದರು. ಗದ್ದಲದಲ್ಲಿ ಎಷ್ಟೋ ಮನೆಗಳ ಬೀಜ ಹೋಗಿತ್ತು. ಬೀಜವನ್ನು ಗಡಿಗೆಯಲ್ಲಿ ಬೂದಿ ಬೇವಿನೆಲೆ ಹಾಕಿ ಕಾಯುವವರು ಹೆಂಗಸರೇ. ಸಾವುಕಾರರು ಹಜಿರಾಳನ್ನು ಕರೆಸಿದರು.

"ಕೂಡಿಸಿಕೊಂಡು ಬಾ. ಹುಟ್ಟಿ ಬಂದ್ರ ನೀ ಅಂಗಡ್ಯಾಗ ಕಾಯಂ. ಮೂಲ್ಯಾಗ ಪರದೆ ಕಟ್ಟಿಸಿಕೊಡ್ತೀನಿ, ಅಲ್ಲಿ ಕುಂತು ಮಾಲು ನೋಡು. ಆದ್ರ ಒಂದು ಮಾತು ಹಜಿರಾ ಬೀ. ಬ್ಯಾರೆಯವರ ಬೀಜ ಹುಟ್ಟಲಿಲ್ಲಂದ್ರ ತಪ್ಪಾತು ಅಂತಾರ. ಈ ವರ್ಷ ನೀ ಕೊಟ್ಟ ಬೀಜ ಹುಟ್ಟಲಿಲ್ಲಂದ್ರ ಬೇಕಂತ ಮಾಡ್ಯಾಳ ಅಂತಾರ. ನಾ ಅಡ್ಡ ಬರಾಕ ಆಗೂದಿಲ್ಲ."

ಹಜಿರಾ ಮೊದಲು ಹೋದದ್ದು ಮುಡಬಿಗೆ. ಸುಂದರಬಾಯಿಯ ಹೊಲದ ಜೋಳ ಮುತ್ತಿನಂಥದ್ದು, ಸುತ್ತಲ ಊರಿಗೆಲ್ಲ ಗೊತ್ತು. ಅವಳು ಆಗಲೇ ಎರಡು ಚೀಲ ತುಂಬಿ ಹಿತ್ತಲ ಕಟ್ಟೆಯ ಮೇಲೆ ಇಡಿಸಿದ್ದಳು. ಕಾಂತಾಬಾಯಿ ಮತ್ತೆ ನಾಲ್ಕು ಜನ ಹೆಂಗಸರು ಅಲ್ಲೇ ಕೂತಿದ್ದರು. ಹಜಿರಾ ಸೆರಗು ಚಾಚಿದರೆ ಸುಂದರಬಾಯಿ ಕೈ ಕೊಡಲಿಲ್ಲ.

"ನಿನ್ನ ಕೂಡ ಎಂಥಾ ದರ? ಸಂತ್ಯಾಗ ಏನದ ಅದು ಕೊಡು. ಈ ಬೀಜ ಹುಟ್ಟಿ ನೀ ಅಂಗಡ್ಯಾಗ ಕೂಡು, ನನಗ ಅಷ್ಟೇ ಸಾಕು."

ಹಜಿರಾ ರೂಢಿಯಂತೆ ಚೀಲದೊಳಗೆ ಮೊಳಕೈ ತನಕ ಕೈ ಬಿಟ್ಟಳು. ತಂಪಾಗಿತ್ತು. ಬೂದಿ ಚೆನ್ನಾಗಿ ಹತ್ತಿತ್ತು, ಹುಳವಿಲ್ಲ. ಹಿಡಿ ಕಾಳು ಮೂಗಿನ ಹತ್ತಿರ ತಂದಳು. ಬೂದಿಯ ವಾಸನೆ, ಬೇವಿನ ವಾಸನೆ, ಅದರಡಿಯಲ್ಲಿ ತೀರ ಸಣ್ಣಗೆ ಇನ್ನೊಂದು. ಸುಗ್ರಾಳ ಬಾಯಿಗೆ ಸೆರಗು ಒತ್ತಿ ಹಿಡಿದಾಗಿನ ವಾಸನೆ ಅದು.

ಹಗೇವಿನಲ್ಲಿ ಇಟ್ಟ ಜೋಳ ತಿನ್ನಲಿಕ್ಕೆ ಏನೂ ಕೇಡಿಲ್ಲ, ವರ್ಷಗಟ್ಟಲೆ ಇರುತ್ತದೆ. ಒಳಗಿನ ಕಾವಿಗೆ ಮೊಳಕೆ ಮಾತ್ರ ಸತ್ತುಹೋಗುತ್ತದೆ. ಅದನ್ನು ಬಿತ್ತಿದರೆ ಹುಟ್ಟುವುದಿಲ್ಲ. ಇದು ಆ ಕಡೆ ಮಕ್ಕಳಿಗೂ ಗೊತ್ತು, ಸುಂದರಬಾಯಿಗೆ ಗೊತ್ತಿಲ್ಲದೆ ಇರುತ್ತದೆಯೇ? ನನ್ನ ಮೂಗೇ ಕೆಟ್ಟಿದೆ ಎಂದುಕೊಂಡಳು ಹಜಿರಾ. ಈ ಹಿತ್ತಲಿಗೆ ಬಂದಾಗಲೆಲ್ಲ ಅದೇ ವಾಸನೆ ಬರುತ್ತದೆ, ಇವತ್ತೂ ಹಾಗೇ. ಕೂತ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ಹ್ಯಾಂಗದ?" ಎಂದಳು ಸುಂದರಬಾಯಿ.

"ಛಲೋ ಅದ ಅಕ್ಕಾ."

ಉತ್ತಮ ಚೀಲಗಳನ್ನು ಗಾಡಿಗೆ ಹೇರಿದ. ಸುಂದರಬಾಯಿಯದು ಹೋಯಿತೆಂದು ಉಳಿದವರೂ ತಮ್ಮ ತಮ್ಮ ಗಡಿಗೆ ತಂದು ಸುರಿದರು.

ಬೇರೆ ಊರುಗಳನ್ನೂ ತಿರುಗಿ ಮನೆಗೆ ಬಂದ ಮೇಲೆ ಹಜಿರಾ ಒಬ್ಬೊಬ್ಬರ ಬೀಜದಿಂದಲೂ ಒಂದೊಂದು ಹಿಡಿ ತೆಗೆದು, ಬೇರೆ ಬೇರೆ ಅರಿವೆಯಲ್ಲಿ ಕಟ್ಟಿ, ನೀರಲ್ಲಿ ನೆನೆಸಿ ಒಲೆಯ ಹತ್ತಿರ ಇಟ್ಟಳು. ಬೇರೆ ಗಂಟುಗಳೆಲ್ಲ ಬಿಳಿ ಬಿಳಿಯಾಗಿ ಮೊಳಕೆ ಒಡೆದವು. ಸುಂದರಬಾಯಿಯ ಗಂಟಿನಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಉಬ್ಬಿ ಲೋಳೆಯಾಗಿ ಕೂತಿದ್ದವು. ಇನ್ನೊಮ್ಮೆ ಕಟ್ಟಿದಳು. ಮತ್ತೆ ಹಾಗೇ.

ಮುನ್ನಿ ಬೀ ಗೋಡೆಗೆ ಒರಗಿ ನೋಡುತ್ತಿದ್ದಳು. "ಒಳ್ಳೇದರಾಗ ಕೂಡಿಸಿಬಿಡು ಬೇಟಿ. ಅರ್ಧ ಹುಟ್ಟಿದ್ರೂ ಸಾಕು."

"ಬಿತ್ತಿದವರ ಹೊಲ ಅರ್ಧ ಖಾಲಿ ಬೀಳ್ತದ ಅಮ್ಮಾ. ನನ್ನ ಹೆಸರು ಹೇಳ್ತಾರ."

"ಹಂಗಾದ್ರ ತಿನ್ನೂ ಜ್ವಾಳ ಅಂತ ಮಾರು. ಅಕಿಗೆ ಹೇಳಬ್ಯಾಡ. ಆ ಹೆಣ್ಮಗಳು ಇರಲಿಲ್ಲಂದ್ರ ಈ ಮನ್ಯಾಗ ಸುಗ್ರಾ ಇರತಿದ್ದಿಲ್ಲ, ನೀ ಇರತಿದ್ದಿಲ್ಲ. ಅಕಿ ಮನಸ್ಸು ನೋಯಿಸಿ ನೀ ಯಾವ ಅಂಗಡ್ಯಾಗ ಕುಂತು ಏನು ಉಣ್ಣಾಕಿ?"

ಹಜಿರಾಗೂ ಅದೇ ಸರಿ ಅನ್ನಿಸಿತು. ಅವಳಿಗೆ ನೋವಿಲ್ಲ, ನನಗೆ ಕೆಟ್ಟ ಹೆಸರಿಲ್ಲ. ಅಂದು ಚೆನ್ನಾಗಿ ಉಂಡಳು ಕೂಡ. ಬೆಳಗಾಗೆದ್ದು ನೋಡಿದರೆ ಮುಗಿಲು ಮೂಡಣಕ್ಕೆ ಕಪ್ಪಾಗಿತ್ತು. ಇವತ್ತೋ ನಾಳೆಯೋ ಮಳೆ ಬರುತ್ತದೆ, ಮುಡಬಿಯಲ್ಲಿ ಕೂರಿಗೆ ಹೂಡುತ್ತಾರೆ ಅನ್ನಿಸಿದ ಕೂಡಲೇ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ನರಸಿಂಗ ಬಿತ್ತುವುದೂ ಇದೇ ಬೀಜವನ್ನು. ಮನೆಗೆ ಇಟ್ಟುಕೊಂಡದ್ದೂ ನನಗೆ ಕೊಟ್ಟದ್ದೂ ಒಂದೇ ರಾಶಿಯದು. ಸುಮ್ಮನಿದ್ದರೆ ಅವರ ಹೊಲವೇ ಬೀಳು ಬೀಳುತ್ತದೆ.

ಉತ್ತಮನ ಗಾಡಿಯಲ್ಲಿ ಆ ಎರಡು ಚೀಲವನ್ನೂ, ಬೇರೆ ಊರಿಂದ ತಂದಿದ್ದ ಮೊಳಕೆ ಬರುವ ಬೀಜದ ಒಂದು ಚೀಲವನ್ನೂ ಹೇರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಕಟ್ಟಿದಳು. ಹಿತ್ತಲಿಗೆ ಹೋಗಿ ಒಬ್ಬಳಿಗೇ ಹೇಳಬೇಕೆಂದಿದ್ದಳು. ಗಾಡಿ ಮುಂಬಾಗಿಲಿಗೆ ನಿಂತಾಗ ನರಸಿಂಗ ಕೂರಿಗೆಗೆ ಹಗ್ಗ ಬಿಗಿಯುತ್ತಿದ್ದ. ಕಾಂತಾಬಾಯಿ ತನ್ನ ಬಾಗಿಲಲ್ಲಿ ನಿಂತಿದ್ದಳು. ಸುಂದರಬಾಯಿ ಹೊರಗೆ ಬಂದು ಗಾಡಿಯಲ್ಲಿದ್ದ ಚೀಲ ನೋಡಿದಳು. ತನ್ನ ಚೀಲಕ್ಕೆ ತಾನೇ ಹಾಕಿದ ಹೊಲಿಗೆ ಗುರುತು ಹತ್ತದೆ ಇರುತ್ತದೆಯೇ?

"ಯಾಕ, ವಾಪಸ್ ತಂದಿ?"

"ಅಕ್ಕಾ, ಒಳಗ ಬಾ, ಹೇಳ್ತೀನಿ."

"ಓಣ್ಯಾಗ ತಂದು ನಿಲ್ಲಿಸಿ ಒಳಗೇನು ಹೇಳ್ತಿ? ಇಲ್ಲೇ ಹೇಳು."

ಹಜಿರಾ ಸೆರಗಿನಿಂದ ಒದ್ದೆ ಅರಿವೆಯ ಗಂಟು ತೆಗೆದು ಬಿಚ್ಚಿದಳು. "ಇದು ಹುಟ್ಟಾಂಗಿಲ್ಲ ಅಕ್ಕಾ. ಎರಡು ಸಲ ಕಟ್ಟಿ ನೋಡ್ದೆ. ನೀವು ಬಿತ್ತಬ್ಯಾಡ್ರಿ."

"ನನ್ನ ಬೀಜಕ್ಕ ಹೆಸರಿಡ್ತಿ? ಅತ್ತಿ ಕಾಲದಿಂದ ಈ ಓಣಿಗೆಲ್ಲಾ ಬೀಜ ಕೊಟ್ಟ ಮನಿ ಇದು." ಸುಂದರಬಾಯಿಯ ದನಿ ಏರಲಿಲ್ಲ, ಇಳಿಯಿತು. "ಅವತ್ತು ನಿನ್ನ ಇಳಿಸುವಾಗ ನಾ ಮೂಸಿ ನೋಡಿದ್ನೇನು ಹಜಿರಾ? ಜೀವ ಉಳಿಸಿದ್ದಕ್ಕ ಬಾಡಿಗಿ ಕೇಳಿದ್ನೇನು?"

ಹಜಿರಾ ಬಿಚ್ಚಿದ ಅರಿವೆಯನ್ನು ಚಾಚಿಯೇ ಹಿಡಿದಿದ್ದಳು.

ನರಸಿಂಗ ಹಗ್ಗ ಬಿಟ್ಟು ಎದ್ದು ಬಂದ. ಅರಿವೆಯ ಕಾಳನ್ನು ಬೆರಳಲ್ಲಿ ತಿರುವಿ ನೋಡಿ, ಒಳಗೆ ಹೋಗಿ ಬಿತ್ತಲು ಇಟ್ಟಿದ್ದ ಗಡಿಗೆಯಿಂದ ಒಂದು ಹಿಡಿ ತಂದ. ಒಂದು ಕಾಳನ್ನು ಉಗುರಿಂದ ಸೀಳಿದ. ಮೊಳಕೆ ಒಡೆಯುವ ಕಣ್ಣಿನ ಜಾಗ ಕಪ್ಪಾಗಿತ್ತು. ಇನ್ನೊಂದು ಸೀಳಿದ, ಮತ್ತೊಂದು.

"ಸುಂದರಾ, ಈ ಗಡಿಗಿ ಎಲ್ಲಿಟ್ಟಿದ್ದಿ?"

ಅವಳು ಗಾಡಿಯಲ್ಲಿದ್ದ ಚೀಲದ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ನಾ ಕೇಳಾಕತ್ತೇನಿ."

"ಮನಿ ಮನಿ ಹೊಕ್ಕು ಕಾಳು ಒಯ್ತಾರ ಅಂತ ಸುದ್ದಿ ಇತ್ತಲ್ಲ ಸುಗ್ಗ್ಯಾಗ" ಎಂದಳು ಸುಂದರಬಾಯಿ, ನೆಲ ನೋಡುತ್ತ. "ಒಂದು ಸಲ ಹೊಕ್ಕಿದ್ರಲ್ಲ ಆ ಮಂದಿ, ಮತ್ತ ಹೊಕ್ಕಾರು ಅಂತ. ಅವತ್ತು ಹಗೇವು ಅವರಿಗೆ ಕಾಣಲಿಲ್ಲ. ಅದಕ್ಕ ಬೀಜದ ಗಡಿಗಿ ಎಲ್ಲಾ ಅಲ್ಲೇ ಇಳಿಸಿದೆ. ಬಾಯಿಗೆ ಮಣ್ಣು ಮೆತ್ತಿದ್ದೆ. ಗಡಿಗಿ ಒಳಗ ಕಾವು ಹೋಗೂದಿಲ್ಲ ಅಂದಕೊಂಡೆ."

ಕಾಂತಾಬಾಯಿ ಬಾಯಿಗೆ ಸೆರಗು ಹಿಡಿದಳು. ಅವಳು ತಮ್ಮದನ್ನು ಹಜಿರಾಗೆ ಮಾರಿದ್ದಳು, ಅವಳ ಗಂಡ ಬಿತ್ತಲಿಕ್ಕೆ ಇವರ ಮನೆಯದನ್ನೇ ಒಯ್ದಿದ್ದ. ಗಂಡನ ಮುಂದೆ, ನೆರೆಯವಳ ಮುಂದೆ, ಗಾಡಿಯವನ ಮುಂದೆ ಸುಂದರಬಾಯಿ ಹಾಗೆ ನಿಂತದ್ದನ್ನು ಹಜಿರಾ ನೋಡಲಾರದೆ ಹೋದಳು. ಕಾಪಾಡಲು ಬಂದವಳು ಓಣಿಯ ನಡುವೆ ನಿಲ್ಲಿಸಿದ ಹಾಗಾಯಿತು.

"ಬೂಬು, ಆ ಮೂರನೇ ಚೀಲ ಏನು?" ಎಂದ ನರಸಿಂಗ.

"ಒಳ್ಳೆ ಬೀಜ. ನಿಮಗಂತ ತಂದೀನಿ. ನಿಮ್ಮದರ ಬದಲಿಗೆ ಇಟ್ಟಕೊಳ್ರಿ."

"ಬ್ಯಾಡ" ಎಂದಳು ಸುಂದರಬಾಯಿ. "ಅಕಿ ಕಾಳು ನನ್ನ ಮನ್ಯಾಗ ಬ್ಯಾಡ." ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು, ಸದ್ದಾಗದ ಹಾಗೆ.

ನರಸಿಂಗ ಮುಗಿಲು ನೋಡಿದ. ಹೆಂಡತಿ ಮುಚ್ಚಿದ ಬಾಗಿಲು ನೋಡಿದ. ಕಡೆಗೆ ಒಳ್ಳೆ ಬೀಜದ ಚೀಲ ತಾನೇ ಇಳಿಸಿಕೊಂಡು, ಅರ್ಧ ಕಾಂತಾಬಾಯಿಯ ಅಂಗಳಕ್ಕೆ ಹಾಕಿದ. "ಹೋಗವಾ, ಮಳಿ ಬರ್ತದ" ಎಂದ ಹಜಿರಾಗೆ. ಮಳೆ ದಾರಿಯಲ್ಲೇ ಹಿಡಿಯಿತು. ಉತ್ತಮ ತಾನು ಹೊದ್ದಿದ್ದ ಗೊಂಗಡಿ ಬಿಚ್ಚಿ ಅವಳ ಕಡೆ ಎಸೆದ.

ಹುಮನಾಬಾದಿಗೆ ಹೇಳಿದ್ದಕ್ಕಿಂತ ಕಡಿಮೆ ಚೀಲ ಹೋದವು. ಯಾಕೆ ಎಂದು ಸಾವುಕಾರರು ಕೇಳಿದಾಗ ಹಜಿರಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಒಂದು ಊರನ್ನೇ ಕಳಕೊಂಡು ಬಂದೀದಿ ಹಂಗಾದ್ರ" ಎಂದರು ಅವರು.

"ಹೌದ್ರಿ."

ಕೊಟ್ಟ ಬೀಜ ಹುಟ್ಟಿತು. ದೀಪಾವಳಿ ಕಳೆದ ಮೇಲೆ ಅಂಗಡಿಯ ಮೂಲೆಯಲ್ಲಿ ಗೋಣಿತಟ್ಟಿನ ಪರದೆ ಕಟ್ಟಿದರು. ಮೊದಮೊದಲು ಮಹೆಬೂಬ ನಗುತ್ತಿದ್ದ. ಸ್ವಲ್ಪ ದಿನ ಹೋದ ಮೇಲೆ ಅವನೇ ಚೀಲ ಹೊತ್ತು ತಂದು ಪರದೆಯ ಮುಂದಿಳಿಸಿ, "ಆಪಾ, ನೋಡ್ರಿ ಇದು" ಅನ್ನತೊಡಗಿದ. ಹಜಿರಾ ಬೇಡವೆಂದ ಮಾಲು ಅಂಗಡಿಯಲ್ಲಿ ಇಳಿಯುತ್ತಿರಲಿಲ್ಲ. ಬೇಡ ಅನ್ನುವ ಮೊದಲು ಈಗಲೂ ಇನ್ನೊಂದು ಹಿಡಿ ತೆಗೆದು ಮೂಸಿ ನೋಡುತ್ತಿದ್ದಳು.

ಮುಡಬಿಗೆ ಹೋಗುವುದನ್ನು ಅವಳು ಬಿಡಲಿಲ್ಲ. ನರಸಿಂಗನ ಹೊಲದಲ್ಲಿ ಜೋಳ ಆಳೆತ್ತರ ನಿಂತದ್ದನ್ನು ಗಾಡಿಯಿಂದ ನೋಡಿದಳು. ಸುಂದರಬಾಯಿಯ ಬಾಗಿಲು ಮಾತ್ರ ತೆರೆಯಲಿಲ್ಲ. ಐವತ್ತರ ಬೇಸಿಗೆಯಲ್ಲಿ ಕಾಂತಾಬಾಯಿಯ ಹಿತ್ತಲಲ್ಲಿ ಹುಣಸೆಹಣ್ಣು ನೋಡುತ್ತಿದ್ದಾಗ ಅದರಲ್ಲಿ ಎರಡು ಬುಟ್ಟಿ ಬೇರೆ ಇದ್ದವು. ನಾರು ತೆಗೆದ ರೀತಿ, ಉಂಡೆ ಕಟ್ಟಿದ ರೀತಿ ಕಾಂತಾಬಾಯಿಯದಲ್ಲ.

"ಇವು?"

"ನನ್ನವೇ" ಎಂದಳು ಕಾಂತಾಬಾಯಿ. ಆಮೇಲೆ ತಡೆಯಲಾರದೆ, "ಅಕಿ ಹೇಳ್ಯಾಳ, ಸಂತಿ ದರಕ್ಕಿಂತ ಹೆಚ್ಚು ಕೊಟ್ರ ವಾಪಸ್ ತೊಗೊಂಡು ಬಾ ಅಂತ."

ಹಜಿರಾ ಒಂದು ಉಂಡೆ ಒಡೆದು ನೋಡಿದಳು. ಒಳಗೆ ಬೀಜ ಉಳಿದಿತ್ತು. ಎರಡನೆಯ ಬುಟ್ಟಿಯಲ್ಲೂ ಕೆಲವು ಹಾಗೇ ಇದ್ದವು. ಅವನ್ನು ಆರಿಸಿ ಪಕ್ಕಕ್ಕಿಟ್ಟು, "ಇವು ಬ್ಯಾಡ. ಬೀಜ ತಗದು ಕೊಡು ಅಂತ ಹೇಳು. ಉಳಿದದ್ದಕ್ಕ ಸಂತಿ ದರ" ಎಂದಳು. ಕಾಂತಾಬಾಯಿ ಅವಳ ಮುಖ ನೋಡಿ, "ಇಷ್ಟು ಸಣ್ಣದಕ್ಕ?" ಎಂದಳು. ಗೋಡೆಯ ಆಚೆ ಬಳೆ ಸದ್ದಾಗಿ ತಟ್ಟನೆ ನಿಂತಿತು. ಹಜಿರಾ ತೂಕ ಮಾಡಿಸಿ ಎದ್ದಳು. ಮುಂದಿನ ಸಲ ಬಂದಾಗ ಬೀಜ ತೆಗೆದ ಉಂಡೆಗಳು ಅಲ್ಲಿದ್ದವು, ಕಾಂತಾಬಾಯಿಯ ಕೈಯಲ್ಲೇ. ಹಾಗೇ ನಡೆಯಿತು.

ಮೊದಲ ಸಲ ಉಂಡೆ ವಾಪಸ್ ಮಾಡಿದ ದಿನ ಕಲ್ಯಾಣಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮನೆಯಲ್ಲಿ ನೀರು ತೀರಿತ್ತು. ಮುನ್ನಿ ಬೀ ಮಲಗಿದ್ದಳು. ಹಜಿರಾ ಚಾದರ ಗೂಟಕ್ಕೆ ಹಾಕಿ, ಕೊಡವನ್ನು ಬಚ್ಚಲಿಗೆ ಒಯ್ದು, ತಳದಲ್ಲಿ ಕೂತ ಹಸಿರು ಪಾಚಿಯನ್ನು ಇಟ್ಟಿಗೆಪುಡಿಯಿಂದ ಉಜ್ಜಿ ತೊಳೆದಳು. ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಾವಿಗೆ ಹೋದಳು. ಸರದಿಯಲ್ಲಿ ಇಬ್ಬರು ಮುಂದಿದ್ದರು. ಅವರು ತುಂಬಿಕೊಂಡು ಹೋದ ಮೇಲೆ ಹಗ್ಗ ಬಿಟ್ಟು, ಕೊಡ ಮುಳುಗುವ ತನಕ ಕಾದು, ಎಳೆಯತೊಡಗಿದಳು.